ಸ್ಕಾಪಾ ಫ್ಲೋ ಲಂಗರುದಾಣ: ಅಷ್ಟು ತೋಪುಗಳಿದ್ದರೂ ಜಲಾಂತರ್ಗಾಮಿ ಒಳಗೆ ಬಂದದ್ದು ಹೇಗೆ? ಉಳಿದಿರುವ ಕಟ್ಟಡಗಳನ್ನು ಯಾವ ಕ್ರಮದಲ್ಲಿ ನೋಡಬೇಕು?

ಪ್ರಶ್ನೆ: ಅಬರ್ಡೀನ್‌ವಾಸಿ

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಆರು ವರ್ಷಗಳಿಂದ ನಾನು ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿದ್ದೇನೆ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ನನ್ನ ತಂದೆಯವರು ಬರುವ ಜೂನ್‌ನಲ್ಲಿ ಧಾರವಾಡದಿಂದ ಬರುತ್ತಿದ್ದಾರೆ. ಅವರನ್ನು ಮೂರು ದಿನಗಳ ಮಟ್ಟಿಗೆ ಆರ್ಕ್ನಿ ದ್ವೀಪಗಳಿಗೆ ಕರೆದೊಯ್ದು, ಎರಡೂ ಮಹಾಯುದ್ಧಗಳಲ್ಲಿ ಬ್ರಿಟಿಷ್ ನೌಕಾಪಡೆಯ ಮುಖ್ಯ ನೆಲೆಯಾಗಿದ್ದ ಸ್ಕಾಪಾ ಫ್ಲೋ ಎಂಬ ಲಂಗರುದಾಣದ ಸುತ್ತ ಉಳಿದಿರುವ ರಕ್ಷಣಾ ಕಟ್ಟಡಗಳನ್ನು ತೋರಿಸಬೇಕೆಂದಿದ್ದೇನೆ.

ಕಳೆದ ಸೆಪ್ಟೆಂಬರ್‌ನಲ್ಲಿ ನಾನೊಬ್ಬಳೇ ಹೋಗಿ, ಸೌತ್ ರೊನಾಲ್ಡ್ಸೆ ದ್ವೀಪದ ಹೋಕ್ಸಾ ಹೆಡ್ ಎಂಬ ಭೂಶಿರದ ಮೇಲೆ ಅರ್ಧ ದಿನ ನಡೆದಾಡಿ ಬಂದೆ. ಅಲ್ಲಿನ ಹುಲ್ಲುಗಾವಲಿನ ಅಂಚಿನಲ್ಲಿ ದಪ್ಪ ಕಾಂಕ್ರೀಟ್ ಚಾವಣಿಯ ಕಟ್ಟೆಗಳು, ಕಿಟಕಿ ಬಾಗಿಲುಗಳಿಲ್ಲದ ಕೋಣೆಗಳು, ಒಂದು ಎತ್ತರದ ಗೋಪುರ, ನೀರಿನ ಮಟ್ಟಕ್ಕೆ ಸಮೀಪದಲ್ಲೇ ಅಗಲವಾದ ಕಿಂಡಿಗಳಿರುವ ಸಣ್ಣ ಕಟ್ಟಡಗಳು ಇವೆ. ಯಾವ ಗೋಡೆ ಯಾವ ಕೆಲಸಕ್ಕೆಂದು ಎದ್ದಿತ್ತು ಎಂಬುದು ನನಗೆ ತಿಳಿಯಲಿಲ್ಲ. ನೋಡಿದ್ದಕ್ಕಿಂತ ನೋಡದೆ ಬಿಟ್ಟದ್ದೇ ಹೆಚ್ಚೆಂಬ ಕೊರಗು ಅಂದಿನಿಂದ ಉಳಿದಿದೆ.

ಇನ್ನೊಂದು ಸಂಗತಿಯೂ ನನ್ನನ್ನು ಕಾಡುತ್ತಿದೆ. 1939ರ ಅಕ್ಟೋಬರ್ 14ರ ನಡುರಾತ್ರಿ ಕಳೆದ ಮೇಲೆ ಯು-47 ಎಂಬ ಜರ್ಮನ್ ಜಲಾಂತರ್ಗಾಮಿ ಇದೇ ಲಂಗರುದಾಣದೊಳಗೆ ರಾಯಲ್ ಓಕ್ ಯುದ್ಧನೌಕೆಯನ್ನು ಮುಳುಗಿಸಿ, ಯಾರ ಕೈಗೂ ಸಿಗದೆ ಹೊರಟುಹೋಯಿತು. ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ತೀರದ ಉದ್ದಕ್ಕೂ ಇಷ್ಟೊಂದು ತೋಪಿನ ಕಟ್ಟೆಗಳಿದ್ದ ಮೇಲೆ ಅದು ಒಳಗೆ ಬಂದದ್ದಾದರೂ ಹೇಗೆ? ಆ ಕಟ್ಟೆಗಳು ಅಂದು ಇದ್ದವೇ, ಅಥವಾ ದುರಂತದ ನಂತರ ಬಂದವೇ? ಪೂರ್ವದ ದ್ವೀಪಗಳ ನಡುವಿನ ಕಡಲಿಗೆ ಅಡ್ಡಲಾಗಿ ಕಟ್ಟಿದ, ಚರ್ಚಿಲ್ ಒಡ್ಡುಗಳೆಂದು ಕರೆಯುವ ರಸ್ತೆಗಳನ್ನು ರಕ್ಷಣಾ ಕಟ್ಟಡಗಳ ಸಾಲಿಗೆ ಸೇರಿಸಬೇಕೇ? ತಂದೆಯವರು ಏನನ್ನೇ ನೋಡಿದರೂ ಏಕೆ ಕಟ್ಟಿದರು, ಹೇಗೆ ಕಟ್ಟಿದರು ಎಂದು ಕೇಳದೆ ಮುಂದೆ ಹೋಗುವವರಲ್ಲ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಕೋಟೆ ಕೊತ್ತಲ

ತಾವು ಕೇಳಿರುವ ಪ್ರಶ್ನೆಗಳಲ್ಲಿ ನಡುವಿನದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದವೆಲ್ಲ ಅದರಿಂದಲೇ ಬಿಡಿಸಿಕೊಳ್ಳುತ್ತವೆ. ಹೋಕ್ಸಾದಲ್ಲಿ ತಾವು ಕಂಡ ಕಾಂಕ್ರೀಟಿನ ಬಹುಭಾಗ 1939ರ ಅಕ್ಟೋಬರ್‌ನಲ್ಲಿ ಇರಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಅದೇ ಭೂಶಿರದ ಮೇಲೆ ತೋಪುಗಳಿದ್ದವು. ಆ ಯುದ್ಧ ಮುಗಿದ ಮೇಲೆ ಅವನ್ನು ಕಳಚಿ ಒಯ್ದರು. ಎರಡನೆಯ ಯುದ್ಧ ಆರಂಭವಾದಾಗ ಇಡೀ ಲಂಗರುದಾಣಕ್ಕೆ ಇದ್ದ ತೀರತೋಪುಗಳು ಬೆರಳೆಣಿಕೆಯಷ್ಟು ಮಾತ್ರ.

ಆದರೆ ತೋಪುಗಳ ಕೊರತೆಯೊಂದನ್ನೇ ದೂರಿದರೆ ವಿಷಯ ಅರ್ಥವಾಗುವುದಿಲ್ಲ. ನಕ್ಷೆಯನ್ನು ಬಿಡಿಸಿಟ್ಟುಕೊಂಡು ನೋಡಿ. ಆರ್ಕ್ನಿಯ ದೊಡ್ಡ ದ್ವೀಪವಾದ ಮೇನ್‌ಲ್ಯಾಂಡ್, ಹೋಯ್, ಫ್ಲೋಟಾ, ಸೌತ್ ರೊನಾಲ್ಡ್ಸೆ, ಬರೆ ಮೊದಲಾದ ದ್ವೀಪಗಳು ಸುತ್ತುವರಿದಿರುವ, ಮುನ್ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಒಳಗಡಲು ಸ್ಕಾಪಾ ಫ್ಲೋ. ಅದಕ್ಕೆ ಹಡಗುಗಳು ನಿಜವಾಗಿ ಬಳಸುತ್ತಿದ್ದ ಬಾಗಿಲುಗಳು ಮೂರು. ದಕ್ಷಿಣದ ಹೋಕ್ಸಾ ಜಲಸಂಧಿ ದೊಡ್ಡ ಯುದ್ಧನೌಕೆಗಳ ಹೆಬ್ಬಾಗಿಲು. ಅದರ ಪಶ್ಚಿಮಕ್ಕಿರುವ ಸ್ವಿತಾ ಜಲಸಂಧಿ ಚಿಕ್ಕ ಹಡಗುಗಳದು. ಸ್ಟ್ರಾಮ್‌ನೆಸ್ ಪಟ್ಟಣದ ಬಳಿಯ ಹೋಯ್ ಜಲಸಂಧಿ ಅಟ್ಲಾಂಟಿಕ್ ಕಡೆಗೆ ತೆರೆಯುತ್ತದೆ. ಪೂರ್ವದಲ್ಲಿ ಕರ್ಕ್, ಸ್ಕೆರಿ, ವೆಡೆಲ್, ವಾಟರ್ ಎಂಬ ನಾಲ್ಕು ಕಿರುಜಲಸಂಧಿಗಳಿವೆ. ಇವು ಕಿರಿದು, ಸೆಳವು ಅತಿ ಬಿರುಸು. ಹೀಗಾಗಿ ಮೊದಲ ಯುದ್ಧದಲ್ಲಿಯೇ ಇಲ್ಲಿ ಹಳೆಯ ಸರಕುಹಡಗುಗಳನ್ನು ಅಡ್ಡಡ್ಡಲಾಗಿ ಮುಳುಗಿಸಿ ದಾರಿ ಮುಚ್ಚಿದ್ದರು. ಇಂತಹವನ್ನು ತಡೆಹಡಗು ಎಂದು ಕರೆಯೋಣ. ತೋಪು, ಬಲೆ, ಕಾವಲುದೋಣಿ ಎಲ್ಲವೂ ತೆರೆದಿದ್ದ ಬಾಗಿಲುಗಳ ಕಡೆಗೆ ಹೋದವು. ಮುಚ್ಚಿದೆಯೆಂದು ನಂಬಿದ್ದ ಬಾಗಿಲಿಗೆ ಕಾವಲು ಇರಲಿಲ್ಲ.

ಮುಳುಗಿಸಿದ ಹಡಗು ಇಟ್ಟಲ್ಲಿಯೇ ಕೂರುವುದಿಲ್ಲ ಎಂಬುದನ್ನು ಎರಡು ದಶಕಗಳ ಸೆಳವು ತೋರಿಸಿಕೊಟ್ಟಿತ್ತು. ಕೆಲವು ಸರಿದಿದ್ದವು, ಕೆಲವು ಒಡೆದಿದ್ದವು. ಜರ್ಮನ್ ವಿಮಾನಗಳು ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಕರ್ಕ್ ಜಲಸಂಧಿಯ ಸಂದು ಕಾಣಿಸಿತು. ಜಲಾಂತರ್ಗಾಮಿ ಪಡೆಯ ನಾಯಕ ಡೋನಿಟ್ಸ್ ಈ ಕೆಲಸವನ್ನು ಗುಂಟರ್ ಪ್ರೀನ್ ಎಂಬ ಅಧಿಕಾರಿಗೆ ವಹಿಸಿದ. ಪ್ರೀನ್ ಚಂದ್ರನಿಲ್ಲದ ರಾತ್ರಿಯನ್ನು ಆರಿಸಿಕೊಂಡಿದ್ದರೂ ಅಂದು ಉತ್ತರ ಧ್ರುವಪ್ರಭೆ ಆಕಾಶವನ್ನು ಬೆಳಗುತ್ತಿತ್ತು. ಉಬ್ಬರದ ನೀರಿನ ಮೇಲೆ, ಮುಳುಗದೆ ತೇಲಿಕೊಂಡೇ, ಆತ ತಡೆಹಡಗುಗಳ ಪಕ್ಕದಿಂದ ಒಳಗೆ ಜಾರಿದ. ನೌಕಾಪಡೆಯ ಬಹುಪಾಲು ಹಡಗುಗಳು ಆ ರಾತ್ರಿ ಅಲ್ಲಿರಲಿಲ್ಲ. ಈಶಾನ್ಯ ಮೂಲೆಯಲ್ಲಿ ಲಂಗರು ಹಾಕಿದ್ದ ರಾಯಲ್ ಓಕ್ ಕಣ್ಣಿಗೆ ಬಿತ್ತು. ಒಂದು ಗಂಟೆಯ ಸುಮಾರಿಗೆ ತಗುಲಿದ ಮೊದಲ ಟಾರ್ಪಿಡೊ ಮೂತಿಯ ಬಳಿ ಸಿಡಿಯಿತು. ಅದು ಹಡಗಿನೊಳಗಿನದೇ ಸ್ಫೋಟವಿರಬಹುದೆಂದು ಹಲವರು ಭಾವಿಸಿದರು, ಏಕೆಂದರೆ ಲಂಗರುದಾಣದೊಳಗೆ ಶತ್ರು ಇರುವುದು ಯಾರ ಊಹೆಗೂ ಬರಲಿಲ್ಲ. ಸುಮಾರು ಕಾಲು ಗಂಟೆಯ ಬಳಿಕ ಇನ್ನೂ ಮೂರು ಟಾರ್ಪಿಡೊಗಳು ತಗುಲಿ, ಹದಿಮೂರು ನಿಮಿಷಗಳ ಆಸುಪಾಸಿನಲ್ಲಿ ಹಡಗು ಮಗುಚಿತು. ಸತ್ತ 835 ಜನರಲ್ಲಿ ನೂರಕ್ಕೂ ಹೆಚ್ಚು ಮಂದಿ ಹದಿನೆಂಟು ತುಂಬದ ಹುಡುಗರು. ಈ ಸಾಲನ್ನು ಬರೆಯುವಾಗಲೆಲ್ಲ ನನ್ನ ಕೈ ನಿಲ್ಲುತ್ತದೆ.

ಇನ್ನು ಹೋಕ್ಸಾದ ಗೋಡೆಗಳು. ಅಲ್ಲಿರುವುದನ್ನು ಒಂದೊಂದು ಕಟ್ಟಡವಾಗಿ ನೋಡಿದರೆ ಏನೂ ತಿಳಿಯದು. ಎಲ್ಲವನ್ನೂ ಒಂದೇ ಬಾಗಿಲಿನ ಚಿಲಕ, ಅಗುಳಿ, ಗಂಟೆ, ದೀಪ ಎಂದು ಭಾವಿಸಿ ನೋಡಬೇಕು. ಜಲಸಂಧಿಯ ಅಡ್ಡಕ್ಕೆ ಉಕ್ಕಿನ ಬಲೆಯನ್ನು ತೇಲುಗುಂಡುಗಳಿಂದ ಇಳಿಬಿಟ್ಟಿದ್ದರು. ನಮ್ಮ ಹಡಗು ಬಂದಾಗ ಕಾವಲುಹಡಗೊಂದು ಬಲೆಯ ಒಂದು ಭಾಗವನ್ನು ಎಳೆದು ದಾರಿ ಬಿಡುತ್ತಿತ್ತು. ಕಡಲ ತಳದಲ್ಲಿ ಉದ್ದನೆಯ ವಿದ್ಯುತ್ ತಂತಿಯನ್ನು ಸುರುಳಿಯಾಗಿ ಹಾಸಿದ್ದರು. ಉಕ್ಕಿನ ಒಡಲಿರುವ ಯಾವ ಹಡಗಿಗೂ ಅಲ್ಪಸ್ವಲ್ಪ ಕಾಂತತ್ವ ಇದ್ದೇ ಇರುತ್ತದೆ. ಅದು ತಂತಿಯ ಮೇಲೆ ಹಾದುಹೋದಾಗ ಹುಟ್ಟುವ ಸಣ್ಣ ವಿದ್ಯುತ್ ಪ್ರವಾಹ ದಡದ ಕೋಣೆಯಲ್ಲಿರುವ ಮಾಪಕದ ಮುಳ್ಳನ್ನು ಅಲುಗಿಸುತ್ತದೆ. ನೀರಿನ ಮೇಲೆ ಏನೂ ಕಾಣದಿದ್ದು ಮುಳ್ಳು ಮಾತ್ರ ಅಲುಗಿದರೆ, ನೀರಿನ ಕೆಳಗೆ ಯಾರೋ ಇದ್ದಾರೆ. ಆಗ ದಡದಿಂದಲೇ ಗುಂಡಿ ಒತ್ತಿ ಸಿಡಿಸಬಹುದಾದ ಸಿಡಿಗುಂಡುಗಳ ಸಾಲು ಕೆಲಸಕ್ಕೆ ಬರುತ್ತದೆ.

ಈ ವ್ಯವಸ್ಥೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಸಾಕ್ಷಿ ಮೊದಲ ಯುದ್ಧದಲ್ಲಿಯೇ ಸಿಕ್ಕಿತ್ತು. ಕದನವಿರಾಮಕ್ಕೆ ಎರಡು ವಾರ ಉಳಿದಿದ್ದಾಗ, 1918ರ ಅಕ್ಟೋಬರ್ 28ರಂದು, ಯುಬಿ-116 ಎಂಬ ಜಲಾಂತರ್ಗಾಮಿ ಹೋಕ್ಸಾ ಜಲಸಂಧಿಯ ಮೂಲಕ ನುಸುಳಲು ಯತ್ನಿಸಿತು. ನೀರಿನೊಳಗಿನ ಸದ್ದು ಗ್ರಹಿಸುವ ಉಪಕರಣಗಳು ಅದನ್ನು ಹಿಡಿದವು, ದಡದಿಂದ ಸಿಡಿಗುಂಡುಗಳನ್ನು ಸಿಡಿಸಿದರು, ಒಬ್ಬರೂ ಉಳಿಯಲಿಲ್ಲ.

ತೋಪುಗಳ ಕೆಲಸ ಬೇರೆ. ದೊಡ್ಡ ಚಾವಣಿಯ ಕಟ್ಟೆಗಳಲ್ಲಿ 6 ಅಂಗುಲದ ತೋಪುಗಳಿದ್ದವು, ಅಂದರೆ ನಳಿಗೆಯ ಬಾಯಿ 152 ಮಿಲಿಮೀಟರ್, ಒಂದು ಗುಂಡಿನ ತೂಕ ಸುಮಾರು 45 ಕಿಲೋ. ಇವು ದೂರದಿಂದ ಬರುವ ಹಡಗುಗಳಿಗೆ. ತಾವು ಹೇಳಿದ ಎತ್ತರದ ಗೋಪುರ ಹೋಕ್ಸಾದ ಒಳಬದಿಯ ಬಾಲ್ಫೋರ್ ತೋಪುನೆಲೆಗೆ ಸೇರಿದ್ದಾಗಿದ್ದರೆ, ಅದರ ಬುಡದಲ್ಲಿದ್ದುದು 57 ಮಿಲಿಮೀಟರಿನ ಜೋಡಿನಳಿಗೆಯ ತೋಪು. ಬಲೆಯತ್ತ ನುಗ್ಗುವ ವೇಗದ ಟಾರ್ಪಿಡೊ ದೋಣಿಗೆ ಗುರಿಯಿಟ್ಟು ದೊಡ್ಡ ತೋಪನ್ನು ತಿರುಗಿಸುವಷ್ಟು ಸಮಯ ಇರುವುದಿಲ್ಲ. ಹೀಗಾಗಿ ನಿಮಿಷಕ್ಕೆ ಸುಮಾರು 70 ಗುಂಡು ಹಾರಿಸುವ ಈ ಚಿಕ್ಕ ತೋಪನ್ನು ಬಲೆಯ ಹತ್ತಿರವೇ ಇಟ್ಟರು. ಗೋಪುರದ ಮೇಲೆ ನಿಂತವರು ಗುರಿ ಹೇಳುತ್ತಿದ್ದರು. ನೀರಿನ ಮಟ್ಟದ ಸಮೀಪದ ಅಗಲ ಕಿಂಡಿಗಳ ಕಟ್ಟಡಗಳು ಸರ್ಚ್‌ಲೈಟುಗಳವು, ಅವುಗಳ ಹಿಂದೆ ಡೀಸೆಲ್ ಜನರೇಟರಿನ ಕೋಣೆಗಳು. ಆ ಕಿಂಡಿಯೊಳಗೆ ನಿಂತು ಹೊರಗೆ ನೋಡಿದರೆ ಯಾವ ನೀರಿನ ಪಟ್ಟಿ ಕಾಣುತ್ತದೆಯೋ, ಅದೇ ಆ ದೀಪ ಕಾಯುತ್ತಿದ್ದ ಜಾಗ. ತಂದೆಯವರನ್ನು ಮೊದಲು ಅಲ್ಲಿ ನಿಲ್ಲಿಸಿ.

ಎದುರು ದಡದಲ್ಲಿ, ಫ್ಲೋಟಾ ದ್ವೀಪದ ಸ್ಟ್ಯಾಂಗರ್ ಹೆಡ್‌ನಲ್ಲಿ, ಇದೇ ಜಲಸಂಧಿಯನ್ನು ಕಾಯುತ್ತಿದ್ದ ಇನ್ನೊಂದು ನೆಲೆಯ ಅವಶೇಷಗಳಿವೆ. ಸಮಯ ಸಾಲದಿದ್ದರೆ ಅದನ್ನು ಹೋಕ್ಸಾದಿಂದಲೇ ದುರ್ಬೀನಿನಲ್ಲಿ ನೋಡಬಹುದು.

ಸ್ಟ್ರಾಮ್‌ನೆಸ್ ಅಂಚಿನ ನೆಸ್ ತೋಪುನೆಲೆಯನ್ನು ಮಾತ್ರ ಬಿಡಬೇಡಿ. ಉಳಿದ ಕಡೆ ಕಾಂಕ್ರೀಟು ಮಾತ್ರ ಉಳಿದಿದ್ದರೆ, ಇಲ್ಲಿ ಸೈನಿಕರು ಮಲಗುತ್ತಿದ್ದ ಮರದ ಶೆಡ್ಡುಗಳೂ ಉಳಿದಿವೆ, ಬ್ರಿಟನ್ನಿನಲ್ಲಿ ಇದು ತೀರಾ ಅಪರೂಪ. ಊಟದ ಮನೆಯ ಗೋಡೆಗಳ ಮೇಲೆ ವುಡ್ಸ್ ಎಂಬ ಸೈನಿಕ ಇಂಗ್ಲೆಂಡಿನ ಹಳ್ಳಿಗಾಡನ್ನು ಚಿತ್ರಿಸಿದ್ದಾನೆ: ಹುಲ್ಲು ಹೊದಿಸಿದ ಮನೆ, ಗಾಳಿಯಂತ್ರ, ಅಲೆಮಾರಿಗಳ ಬಿಡಾರ. ಮರವೇ ಬೆಳೆಯದ ಗಾಳಿಯ ದ್ವೀಪದಲ್ಲಿ, ಊರಿಂದ ದೂರ, ಕಡಲನ್ನು ದಿಟ್ಟಿಸುತ್ತ ತಿಂಗಳುಗಟ್ಟಲೆ ಕುಳಿತಿದ್ದವರ ಮನಸ್ಸು ಆ ಗೋಡೆಗಳ ಮೇಲಿದೆ. ಒಳಗೆ ಹೋಗಲು ಮಾರ್ಗದರ್ಶಕರ ಜೊತೆಗಿನ ಭೇಟಿಯನ್ನು ಮುಂಚಿತವಾಗಿ ಗೊತ್ತುಪಡಿಸಿಕೊಳ್ಳಬೇಕು.

ಮರುಪ್ರಶ್ನೆ: ಅಬರ್ಡೀನ್‌ವಾಸಿ

ಇಷ್ಟು ತಾಳ್ಮೆಯಿಂದ ಬರೆದಿರುವುದಕ್ಕೆ ಕೃತಜ್ಞಳಾಗಿದ್ದೇನೆ. ಮಾಪಕದ ಮುಳ್ಳಿನ ವಿಷಯ ಓದಿದ ಮೇಲೆ ಆ ಕಿಟಕಿಯಿಲ್ಲದ ಕೋಣೆಗಳು ಕಣ್ಣಿಗೆ ಬೇರೆಯಾಗಿಯೇ ಕಾಣುತ್ತಿವೆ. ಆದರೆ ಹೊಸದೊಂದು ಸಂದೇಹ ಹುಟ್ಟಿದೆ. ಸೆಳವು ಹಡಗುಗಳನ್ನೇ ಸರಿಸಿಬಿಡುವಷ್ಟು ಬಿರುಸಾಗಿದ್ದರೆ, ಅದೇ ನೀರಿನಲ್ಲಿ ಕಲ್ಲು ಸುರಿದು ಒಡ್ಡು ಕಟ್ಟಿದ್ದು ಹೇಗೆ? ತಂದೆಯವರಿಗೆ ಫೋನಿನಲ್ಲಿ ಹೇಳಿದ ಕೂಡಲೇ ಅವರು ಕೇಳಿದ ಮೊದಲ ಮಾತು ಇದೇ. ಒಡ್ಡುಗಳು ಮುಗಿಯುವ ಹೊತ್ತಿಗೆ ಯುದ್ಧವೇ ಮುಗಿಯುತ್ತ ಬಂದಿತ್ತೆಂದು ಓದಿದ್ದೇನೆ, ಅದು ನಿಜವೇ?

ಉತ್ತರ: ಹಳೆಯ ಎಂಜಿನಿಯರ್

ತಮ್ಮ ತಂದೆಯವರು ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದಾರೆ. ನಾನು ಬಂದರು ಕಾಮಗಾರಿಗಳಲ್ಲಿ ಮೂವತ್ತು ವರ್ಷ ಕಳೆದವನು. ಹರಿಯುವ ನೀರಿಗೆ ಅಡ್ಡವಾಗಿ ಒಡ್ಡು ಕಟ್ಟುವವರ ಕಷ್ಟ ಆರಂಭದಲ್ಲಿ ಇರುವುದಿಲ್ಲ, ಕೊನೆಯಲ್ಲಿ ಇರುತ್ತದೆ. ಎರಡೂ ದಡದಿಂದ ಕಟ್ಟುತ್ತ ಬಂದಂತೆ ನಡುವಿನ ಸಂದು ಕಿರಿದಾಗುತ್ತದೆ, ಹಾಯಬೇಕಾದ ನೀರು ಮಾತ್ರ ಅಷ್ಟೇ ಇರುತ್ತದೆ. ಆದ್ದರಿಂದ ವೇಗ ಏರುತ್ತ ಹೋಗಿ, ನಿನ್ನೆ ನಿಂತ ಕಲ್ಲು ಇಂದು ನಿಲ್ಲುವುದಿಲ್ಲ. ಸ್ಕಾಪಾದ ಪೂರ್ವದ ಕಿರುಜಲಸಂಧಿಗಳಲ್ಲಿ ಸೆಳವಿನ ವೇಗ 12 ನಾಟ್, ಅಂದರೆ ಗಂಟೆಗೆ 22 ಕಿಲೋಮೀಟರ್ ಮುಟ್ಟುತ್ತಿತ್ತು. ಆಳ ಕೆಲವೆಡೆ 18 ಮೀಟರ್. ಉತ್ತರ ಸಮುದ್ರದ ನೀರೂ ಒಳಗಡಲಿನ ನೀರೂ ಒಂದೇ ಹೊತ್ತಿಗೆ ಏರಿಳಿಯದ ಕಾರಣ, ಎರಡು ಬದಿಯ ಮಟ್ಟದ ವ್ಯತ್ಯಾಸವೇ ಈ ಸೆಳವನ್ನು ಹುಟ್ಟಿಸುತ್ತಿತ್ತು.

ಅವರು ಕಂಡುಕೊಂಡ ದಾರಿ ಹೀಗಿತ್ತು. ಒಡೆದ ಕಲ್ಲನ್ನು ಬಿಡಿಬಿಡಿಯಾಗಿ ಸುರಿಯಲಿಲ್ಲ. ತಂತಿಜಾಲದ ಬುಟ್ಟಿಗಳಲ್ಲಿ, ನಾವು ಗೇಬಿಯನ್ ಎನ್ನುತ್ತೇವಲ್ಲ ಅದರಲ್ಲಿ, ತುಂಬಿ ಬಿಗಿದರು. ಆಗ ನೂರು ಕಲ್ಲು ಒಂದೇ ಕಲ್ಲಿನಂತೆ ಸೆಳವಿಗೆ ಎದುರು ನಿಲ್ಲುತ್ತದೆ. ದಡದಿಂದ ದಡಕ್ಕೆ ಎತ್ತರದಲ್ಲಿ ಉಕ್ಕಿನ ಹಗ್ಗಗಳನ್ನು ಬಿಗಿದು, ಅವುಗಳ ಮೇಲೆ ಓಡುವ ರಾಟೆಯಿಂದ ಬುಟ್ಟಿಗಳನ್ನು ಜಲಸಂಧಿಯ ಯಾವ ಭಾಗಕ್ಕೆ ಬೇಕೋ ಅಲ್ಲಿಗೆ ಒಯ್ದು ಕೆಳಗೆ ಬಿಟ್ಟರು. ದೋಣಿ ನಿಲ್ಲದ ನೀರಿನಲ್ಲಿ ಇದಕ್ಕಿಂತ ಬೇರೆ ಉಪಾಯ ನನಗೂ ತೋಚುವುದಿಲ್ಲ. ಹೀಗೆ ನಾಲ್ಕೂ ಒಡ್ಡುಗಳ ಬುಡಕ್ಕೆ ಹೋದ ಕಲ್ಲು ಎರಡೂವರೆ ಲಕ್ಷ ಟನ್. ಅದರ ಮೇಲೆ ಅಲ್ಲಿಯೇ ಎರಕಹೊಯ್ದ 66,000 ಕಾಂಕ್ರೀಟ್ ಬ್ಲಾಕುಗಳು. ಐದು ಟನ್ನಿನ ಬ್ಲಾಕುಗಳು ತಿರುಳಿನ ಮೇಲೆ, ಹತ್ತು ಟನ್ನಿನವು ಎರಡೂ ಪಕ್ಕಗಳಲ್ಲಿ. ಪಕ್ಕದ ಬ್ಲಾಕುಗಳು ಅಡ್ಡಾದಿಡ್ಡಿ ಬಿದ್ದಂತೆ ಕಾಣುತ್ತವೆ. ನೋಡಿದವರು ಅಸಡ್ಡೆಯೆಂದುಕೊಳ್ಳುತ್ತಾರೆ, ಆದರೆ ಆ ಅಸ್ತವ್ಯಸ್ತವೇ ಬೇಕಾದದ್ದು. ನಯವಾದ ಗೋಡೆಗೆ ಬಡಿದ ಅಲೆ ಹಾಗೆಯೇ ಮೇಲೇರುತ್ತದೆ, ಸಂದುಗೊಂದುಗಳಿರುವ ರಾಶಿಗೆ ಬಡಿದದ್ದು ಒಳಗೆ ನುಗ್ಗಿ ಚೂರುಚೂರಾಗಿ ಬಲ ಕಳೆದುಕೊಳ್ಳುತ್ತದೆ. ಕೆಲಸಕ್ಕೆ ಕೈಹಚ್ಚುವ ಮೊದಲು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾದರಿಗಳನ್ನು ಮಾಡಿ ಪರೀಕ್ಷಿಸಿದ್ದರು ಎಂಬುದನ್ನೂ ತಂದೆಯವರಿಗೆ ತಿಳಿಸಿ, ಅವರಿಗೆ ಸಂತೋಷವಾಗುತ್ತದೆ.

ಕಾಲದ ವಿಷಯದಲ್ಲಿ ತಾವು ಓದಿದ್ದು ನಿಜ. ಆಗ ನೌಕಾ ಇಲಾಖೆಯ ಸಚಿವರಾಗಿದ್ದ ಚರ್ಚಿಲ್ ಅವರ ಆದೇಶದಂತೆ 1940ರ ಮೇ ತಿಂಗಳಲ್ಲಿ ಕೆಲಸ ಆರಂಭವಾಯಿತು, ಮುಗಿದದ್ದು 1944ರ ಸೆಪ್ಟೆಂಬರ್‌ನಲ್ಲಿ, ಔಪಚಾರಿಕವಾಗಿ ತೆರೆದದ್ದು 1945ರ ಮೇ 12ರಂದು, ಅಂದರೆ ಯೂರೋಪಿನಲ್ಲಿ ಯುದ್ಧ ಮುಗಿದು ನಾಲ್ಕು ದಿನಗಳ ನಂತರ. ಹಾಗೆಂದು ಆ ಶ್ರಮ ವ್ಯರ್ಥವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬುಟ್ಟಿಗಳ ರಾಶಿ ನೀರಿನ ಮೇಲೆ ತಲೆಯೆತ್ತುವ ಬಹಳ ಮೊದಲೇ ಜಲಾಂತರ್ಗಾಮಿಗೆ ಬೇಕಾದ ಆಳವನ್ನು ಕಿತ್ತುಕೊಂಡಿರುತ್ತದೆ. ದುರಂತವಾದ ಕೆಲವೇ ದಿನಗಳಲ್ಲಿ ಕರ್ಕ್ ಜಲಸಂಧಿಯಲ್ಲಿ ಮತ್ತೊಂದು ತಡೆಹಡಗನ್ನು ಮುಳುಗಿಸಿದರು. ದಡದಲ್ಲಿ ತೋಪುಗಳೂ ಬಂದವು. ಒಂದರ ಹಿಂದೊಂದು ಅಗುಳಿ ಬಿದ್ದಂತೆ ಬಾಗಿಲು ಮುಚ್ಚುತ್ತ ಹೋಯಿತು. ಮುಂದೆ ಯಾವ ಜಲಾಂತರ್ಗಾಮಿಯೂ ಒಳಗೆ ಬರಲಿಲ್ಲ.

ಕಟ್ಟಿದ ಕೈಗಳ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 1942ರ ಆರಂಭದಿಂದ, ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ 1,300ಕ್ಕೂ ಹೆಚ್ಚು ಇಟಾಲಿಯನ್ ಸೈನಿಕರನ್ನು ಇಲ್ಲಿಗೆ ತಂದರು. ಮರುಭೂಮಿಯಿಂದ ಬಂದವರು ಈ ಗಾಳಿಗೆ, ಈ ತೇವಕ್ಕೆ ಒಡ್ಡಿಕೊಂಡರು. ಯುದ್ಧಕಾರ್ಯಕ್ಕೆ ನೇರ ಸಂಬಂಧವಿರುವ ಕೆಲಸವನ್ನು ಕೈದಿಗಳಿಂದ ಮಾಡಿಸಬಾರದೆಂದು 1929ರ ಜಿನೀವಾ ಒಪ್ಪಂದದ 31ನೆಯ ವಿಧಿ ಹೇಳುತ್ತದೆ. ಕೈದಿಗಳೇ ಇದನ್ನು ಎತ್ತಿ ಪ್ರತಿಭಟಿಸಿದರು. ಇವು ದ್ವೀಪಗಳ ಜನರಿಗೆ ಓಡಾಡಲು ಅನುಕೂಲವಾಗುವ ರಸ್ತೆಗಳೆಂದು ಅಧಿಕಾರಿಗಳು ಸಮಜಾಯಿಷಿ ಕೊಟ್ಟರು. ಆಗ ಅದು ನೆಪವೇ ಆಗಿತ್ತು. ಇಂದು ಆ ಒಡ್ಡುಗಳ ಮೇಲಿನ ರಸ್ತೆಯಿಲ್ಲದೆ ಬರೆ ಮತ್ತು ಸೌತ್ ರೊನಾಲ್ಡ್ಸೆಯ ಜನರ ಶಾಲೆ, ಆಸ್ಪತ್ರೆ, ವ್ಯಾಪಾರ ಯಾವುದೂ ನಡೆಯದು. ಆದ್ದರಿಂದ ಇವು ರಕ್ಷಣಾ ಕಟ್ಟಡಗಳೇ ಎಂಬ ತಮ್ಮ ಪ್ರಶ್ನೆಗೆ ನನ್ನ ಉತ್ತರ ಹೌದು. ಸ್ಕಾಪಾದ ಅಷ್ಟೂ ರಕ್ಷಣಾ ಕಟ್ಟಡಗಳಲ್ಲಿ ಇಂದಿಗೂ ದಿನದಿನವೂ ದುಡಿಯುತ್ತಿರುವುದು ಇವು ಮಾತ್ರ.

ಎಚ್ಚರಿಕೆಯ ಒಂದು ಮಾತು. ಪೂರ್ವದ ಗಾಳಿ ಬಿರುಸಾಗಿದ್ದು ಉಬ್ಬರವೂ ಸೇರಿದಾಗ ಅಲೆಗಳು ರಸ್ತೆಯ ಮೇಲೇ ಬಂದು ಬೀಳುತ್ತವೆ. ಎರಡನೆಯ ಒಡ್ಡನ್ನು ಇಂತಹ ಹೊತ್ತಿನಲ್ಲಿ ಮುಚ್ಚುತ್ತಾರೆ. ಜೂನ್‌ನಲ್ಲಿ ಇದು ಅಪರೂಪ, ಆದರೂ ಹೊರಡುವ ಮೊದಲು ವಿಚಾರಿಸಿಕೊಳ್ಳಿ. ನಾಲ್ಕನೆಯ ಒಡ್ಡನ್ನು ಹುಡುಕಿ ನೋಡಬೇಕು, ಏಕೆಂದರೆ ಅದರ ಪೂರ್ವದ ಬದಿಯಲ್ಲಿ ಮರಳು ಸೇರಿ ಸೇರಿ ದಿಬ್ಬಗಳೇ ಎದ್ದಿವೆ, ಬ್ಲಾಕುಗಳು ಒಂದು ಬದಿಯಲ್ಲಿ ಬಹುತೇಕ ಮುಚ್ಚಿಹೋಗಿವೆ. ಹರಿವನ್ನು ತಡೆದರೆ ಮರಳು ಎಲ್ಲಿ ಇಳಿಯುತ್ತದೆ ಎಂಬುದನ್ನು ಎಂಬತ್ತು ವರ್ಷಗಳ ಲೆಕ್ಕದಲ್ಲಿ ಕಣ್ಣಾರೆ ಕಾಣುವ ಜಾಗ ಅದು.

ಉತ್ತರ: ದೋಣಿಗಡಂಗು

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಎರಡು ವಿಷಯಗಳನ್ನು ಸೇರಿಸಬೇಕು.

ಮೊದಲನೆಯದು, ಈ ನೆಲೆಗಳನ್ನು ದಡದಿಂದ ಮಾತ್ರ ನೋಡಿದರೆ ಅರ್ಧವೇ ನೋಡಿದಂತೆ. ಇವುಗಳ ಮುಖ ಇರುವುದು ಕಡಲಿಗೆ. ಅಬರ್ಡೀನ್‌ನಿಂದ ಕರ್ಕ್‌ವಾಲ್‌ಗೆ ನೇರ ಫೆರ್ರಿ ಇದ್ದರೂ, ಸಾಧ್ಯವಾದರೆ ಕಾರಿನಲ್ಲಿ ಉತ್ತರದ ತುದಿಯವರೆಗೆ ಹೋಗಿ ಗಿಲ್ಸ್ ಬೇಯಿಂದ ಸೇಂಟ್ ಮಾರ್ಗರೆಟ್ಸ್ ಹೋಪ್‌ಗೆ ಹೋಗುವ ಫೆರ್ರಿ ಹಿಡಿಯಿರಿ. ಅದು ಹೋಕ್ಸಾ ಜಲಸಂಧಿಯ ಮೂಲಕವೇ ಒಳಗೆ ಬರುತ್ತದೆ. ಬಲಗಡೆ ಹೋಕ್ಸಾ ಹೆಡ್, ಎಡಗಡೆ ಫ್ಲೋಟಾ, ಎರಡೂ ಕಡೆಯ ಕಾಂಕ್ರೀಟ್ ಕಣ್ಣುಗಳು ನಿಮ್ಮನ್ನೇ ನೋಡುತ್ತಿರುತ್ತವೆ. ಹಿಂದಿರುಗುವಾಗ ಸ್ಟ್ರಾಮ್‌ನೆಸ್‌ನಿಂದ ಸ್ಕ್ರಾಬ್‌ಸ್ಟರ್‌ಗೆ ಹೋಗುವ ಹಡಗು ಹತ್ತಿದರೆ ಹೋಯ್ ಜಲಸಂಧಿಯಿಂದ ಹೊರಬರುತ್ತೀರಿ, ಆಗ ನೆಸ್ ನೆಲೆ ಬಲಗಡೆ ಕಾಣುತ್ತದೆ. ಒಂದು ಬಾಗಿಲಿನಿಂದ ಒಳಹೊಕ್ಕು ಇನ್ನೊಂದರಿಂದ ಹೊರಬಂದ ಹಾಗಾಗುತ್ತದೆ. ಹೋಯ್ ದ್ವೀಪದ ಲೈನೆಸ್‌ಗೆ ಒಂದು ಇಡೀ ದಿನ ಬೇಕು, ಹೋಗುವುದು ಹೌಟನ್‌ನಿಂದ. ನೌಕಾನೆಲೆಯ ಹಳೆಯ ತೈಲ ಪಂಪುಮನೆ ಈಗ ಸ್ಕಾಪಾ ಫ್ಲೋ ವಸ್ತುಸಂಗ್ರಹಾಲಯದ ಭಾಗ, 2022ರಲ್ಲಿ ನವೀಕರಿಸಿ ಮತ್ತೆ ತೆರೆದಿದ್ದಾರೆ. ಪಕ್ಕದ ವೀ ಫೀ ಗುಡ್ಡದ ಹೊಟ್ಟೆಯನ್ನೇ ಕೊರೆದು ತೈಲ ತುಂಬಿಡುವ ಸುರಂಗಗಳನ್ನು ಮಾಡಿದ್ದರು. ನೌಕಾಪಡೆಯ ಸ್ಮಶಾನವೂ ಅಲ್ಲಿಯೇ ಇದೆ. ಅದೇ ದ್ವೀಪದ ದಕ್ಷಿಣ ತುದಿಗೆ ಹೋದರೆ ಹ್ಯಾಕ್‌ನೆಸ್‌ನಲ್ಲಿ 1813ರಿಂದ 1815ರ ನಡುವೆ, ನೆಪೋಲಿಯನ್ ಕಾಲದ ಯುದ್ಧಗಳಲ್ಲಿ, ವ್ಯಾಪಾರಿ ಹಡಗುಗಳ ಗುಂಪನ್ನು ಅಮೆರಿಕದ ದಾಳಿಹಡಗುಗಳಿಂದ ಕಾಯಲು ಕಟ್ಟಿದ ದುಂಡು ಗೋಪುರವೂ ತೋಪಿನ ಸಾಲೂ ಉಳಿದಿವೆ. ಕಾವಲಿನ ಕಥೆ ಎಷ್ಟು ಹಳೆಯದೆಂಬುದು ಅಲ್ಲಿ ತಿಳಿಯುತ್ತದೆ.

ಎರಡನೆಯದು, ಲ್ಯಾಮ್ ಹೋಮ್ ದ್ವೀಪದ ಇಟಾಲಿಯನ್ ಚರ್ಚು. ಪ್ರವಾಸಿಗರೆಲ್ಲ ಅಲ್ಲಿಗೆ ಹೋಗುತ್ತಾರೆ, ಅದು ಸರಿಯೇ. ಕೈದಿಗಳು ಎರಡು ತಗಡಿನ ನಿಸ್ಸೆನ್ ಶೆಡ್ಡುಗಳನ್ನು ಜೋಡಿಸಿ ಅದನ್ನು ಕಟ್ಟಿದರು. ಡೊಮೆನಿಕೊ ಕಿಯೊಕೆಟ್ಟಿ ಎಂಬ ಕಲಾವಿದ ಒಳಗೋಡೆಗಳ ಮೇಲೆ ಇಟ್ಟಿಗೆ, ಕೆತ್ತನೆಗಳೆಲ್ಲ ನಿಜವೆಂಬಂತೆ ಬಣ್ಣದಲ್ಲೇ ಮೂಡಿಸಿದ, ಪಾಲುಂಬಿ ಎಂಬ ಕಮ್ಮಾರ ಕಬ್ಬಿಣದ ಜಾಲರಿ ಮಾಡಿದ, ಮಾಂಸದ ಡಬ್ಬಿಗಳು ದೀಪದ ಬಟ್ಟಲುಗಳಾದವು. ಜೊತೆಯವರು ಹೊರಟುಹೋದ ಮೇಲೂ ಕಿಯೊಕೆಟ್ಟಿ ಕೆಲಸ ಮುಗಿಸಲೆಂದು ಉಳಿದುಕೊಂಡ, 1960ರಲ್ಲಿ ಮತ್ತೆ ಬಂದು ದುರಸ್ತಿ ಮಾಡಿದ. ನನ್ನ ವಿನಂತಿ ಇಷ್ಟೇ: ಒಳಗಿನ ಬಣ್ಣವನ್ನು ನೋಡಿ ನೇರವಾಗಿ ಕಾರು ಹತ್ತಬೇಡಿ, ಕರ್ಕ್ ಜಲಸಂಧಿಯ ಮೊದಲನೆಯ ಒಡ್ಡಿನವರೆಗೆ ನಡೆದು ಬನ್ನಿ. ಪ್ರೀನ್ ನುಸುಳಿದ ನೀರು ಅದೇ. ಆ ಕೈದಿಗಳು ಹಗಲು ಸುರಿದ ಕಾಂಕ್ರೀಟನ್ನೂ ಬಿಡುವಿನಲ್ಲಿ ಬಳಿದ ಕಾಂಕ್ರೀಟನ್ನೂ ಒಟ್ಟಿಗೆ ನೋಡಿದರೆ ಚರ್ಚು ಇನ್ನೂ ಹತ್ತಿರವಾಗುತ್ತದೆ.

ಮೂರನೆಯ ಒಡ್ಡಿನ ಬಳಿ ತಡೆಹಡಗುಗಳ ತುಕ್ಕು ಹಿಡಿದ ಪಕ್ಕೆಲುಬುಗಳು ನೀರಿನಿಂದ ಮೇಲೆದ್ದಿವೆ. ಅವುಗಳಲ್ಲಿ ರೆಜಿನಾಲ್ಡ್ ಎಂಬುದು ಮೊದಲ ಯುದ್ಧದ ಕಾಲದಲ್ಲಿ ಮುಳುಗಿಸಿದ್ದು. ಉಪ್ಪುನೀರಿನಲ್ಲಿ ಕಬ್ಬಿಣ ವರ್ಷವರ್ಷವೂ ಕರಗುತ್ತಿದೆ. ನಾನು ಹತ್ತು ವರ್ಷಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಆದ ಸಂಕಟ ಇನ್ನೂ ಹೋಗಿಲ್ಲ. ನೋಡಬೇಕೆನ್ನುವವರು ಬೇಗ ನೋಡಬೇಕು. ರಾಯಲ್ ಓಕ್ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಅದು ಸುಮಾರು 30 ಮೀಟರ್ ಆಳದಲ್ಲಿ ಮಗುಚಿ ಮಲಗಿದೆ, ಯುದ್ಧಸಮಾಧಿಯೆಂದು ಘೋಷಿತವಾಗಿದ್ದು ಯಾರೂ ಅಲ್ಲಿ ಇಳಿಯುವಂತಿಲ್ಲ. ಸ್ಕಾಪಾ ಕಡಲತೀರದಲ್ಲಿ ಸ್ಮಾರಕದ ತೋಟವಿದೆ, ಹಡಗಿನ ಗಂಟೆ ಕರ್ಕ್‌ವಾಲ್‌ನ ಸೇಂಟ್ ಮ್ಯಾಗ್ನಸ್ ಕೆಥೆಡ್ರಲ್‌ನಲ್ಲಿದೆ.

ಅಬರ್ಡೀನ್‌ವಾಸಿ

ಪ್ರವಾಸ ಮುಗಿಸಿ ನಿನ್ನೆ ಮನೆಗೆ ಬಂದೆವು. ಬರೆದವರಿಗೆಲ್ಲ ವಿಷಯ ತಿಳಿಸುವುದು ನನ್ನ ಕರ್ತವ್ಯವೆಂದು ಇದನ್ನು ಬರೆಯುತ್ತಿದ್ದೇನೆ.

ತಾವು ಹೇಳಿದ ಹಾಗೆಯೇ ದಕ್ಷಿಣದ ಬಾಗಿಲಿನಿಂದ ಒಳಗೆ ಹೋದೆವು. ತಂದೆಯವರು ಫೆರ್ರಿಯ ಮೇಲಿನ ಅಟ್ಟದಲ್ಲಿ ಗಾಳಿಗೆ ಮೈಯೊಡ್ಡಿ ನಿಂತು ಎರಡೂ ದಡಗಳನ್ನು ನೋಡಿದರು. ನಾಲ್ಕನೆಯ ಒಡ್ಡಿನ ಮರಳುದಿಬ್ಬದ ಮೇಲೆ ಅವರು ಒಂದು ಗಂಟೆಗೂ ಹೆಚ್ಚು ಹೊತ್ತು ಕಳೆದರು, ಒಂದನೆಯದರ ಮೇಲೆ ಹೆಚ್ಚು ಮಾತಾಡಲಿಲ್ಲ. ನೆಸ್‌ನ ಊಟದ ಮನೆಯಲ್ಲಿ ಹುಲ್ಲುಮನೆಯ ಚಿತ್ರದ ಮುಂದೆ ನಿಂತು, ಈ ಹುಡುಗ ಎಷ್ಟು ದಿನ ಊರು ಕಂಡಿರಲಿಲ್ಲವೋ ಎಂದರು. ಲೈನೆಸ್‌ಗೆ ಹೋದ ದಿನ ಮಳೆ ಬಂದು ಹ್ಯಾಕ್‌ನೆಸ್ ಉಳಿದುಹೋಯಿತು.

ಹೋಕ್ಸಾವನ್ನು ಕೊನೆಯ ದಿನದ ಬೆಳಿಗ್ಗೆಗೆ ಇಟ್ಟುಕೊಂಡಿದ್ದೆವು. ಸರ್ಚ್‌ಲೈಟ್ ಕಟ್ಟಡದ ಕಿಂಡಿಯೊಳಗೆ ಅವರನ್ನು ನಿಲ್ಲಿಸಿ, ಇಲ್ಲಿಂದ ಕಾಣುವುದಷ್ಟನ್ನೇ ಈ ದೀಪ ಕಾಯುತ್ತಿತ್ತಂತೆ ಎಂದು ಹೇಳಿದೆ. ಆ ಹೊತ್ತಿಗೆ ಸರಿಯಾಗಿ ನಾವು ಬಂದಿದ್ದ ಫೆರ್ರಿಯೇ ಪಕ್ಕದಿಂದ ಕಾಣಿಸಿಕೊಂಡಿತು. ತಂದೆಯವರು ಕೈಗಡಿಯಾರ ನೋಡಿ, ಅದು ಕಿಂಡಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾಟಲು ಹಿಡಿದ ಸಮಯವನ್ನು ಎಣಿಸಿ, ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು.